ಒಪ್ಪಿಸಿದ್ದೇನೆ, ಒಪ್ಪಿಕೊಂಡಿಲ್ಲ

ನನ್ನ ಹಾಸ್ಟೆಲಿನ ಅಕ್ಕೋರಿಗೆ,

ನಿಮ್ಮ ಹುಡುಗಿಯನ್ನು ಇಲ್ಲಿ ಕಳ್ಳಿ ಅಂದರು. ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದನ್ನು ಕೇಳಿಸಿಕೊಳ್ಳಿ. ನೆದರ್‌ಲ್ಯಾಂಡ್ಸಿನ ಜನ ಎಲ್ಲವನ್ನೂ ಮುಖಕ್ಕೇ ಹೇಳಿಬಿಡುತ್ತಾರೆ ಎಂದು ಹೆಸರು. ಈ ಒಂದು ಮಾತನ್ನು ಮಾತ್ರ ‘ಅಕ್ರಮದ ಅನುಮಾನ’ ಎಂದು ಮೆತ್ತಗೆ ಸುತ್ತಿ ಈಮೇಲಿನಲ್ಲಿ ಕಳಿಸಿದರು. ಪರೀಕ್ಷೆಯಲ್ಲಿ ನಾನು ನಕಲು ಮಾಡಿದ್ದೇನಂತೆ. ನಾನು! ಪಕ್ಕದವಳ ತಾಟಿನ ಉಪ್ಪಿನಕಾಯಿಯನ್ನೂ ಕೇಳದೆ ಮುಟ್ಟದವಳು. ಆ ಒಂದು ವಿಷಯ ಹೋದರೆ ನನ್ನ ಮೊದಲ ವರ್ಷದ ಕ್ರೆಡಿಟ್ ಸಾಲುವುದಿಲ್ಲ. ಇಲ್ಲಿ ಮೊದಲ ವರ್ಷ ಕ್ರೆಡಿಟ್ ಸಾಲದವರನ್ನು ಆ ಕೋರ್ಸಿನಿಂದಲೇ ಹೊರಗೆ ಹಾಕುತ್ತಾರೆ. ಕೊನೆಗೆ ಏನಾಯಿತು ಎಂದು ಈಗಲೇ ಹೇಳುವುದಿಲ್ಲ. ಕತೆಯ ತುದಿಯನ್ನು ಮೊದಲೇ ಕೇಳಿದವರಿಗೆ ನೀವೇನಾದರೂ ಹೇಳುತ್ತಿದ್ದಿರಾ?

ರೇಷ್ಮಾಳ ಮೆಸೇಜ್ ಬಂದಾಗ ನಾನು ಟಿಲ್‌ಬರ್ಗ್ ಸ್ಟೇಷನ್ನಿನಲ್ಲಿ ಸೈಕಲ್ಲಿಗೆ ಬೀಗ ಹಾಕುತ್ತಿದ್ದೆ. ರೇಷ್ಮಾ ಗೊತ್ತಲ್ಲ, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು, ಈಗ ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ‘ಅಕ್ಕೋರು ಹೋದ್ರು’ ಎಂದಷ್ಟೇ ಬರೆದಿದ್ದಳು. ನಾನು ‘ಎಲ್ಲಿಗೆ?’ ಎಂದು ತಿರುಗಿ ಬರೆದೆ. ಟ್ರೈನ್ ಬಂತು, ಹತ್ತಿದೆ, ಡೆನ್ ಬಾಷ್ ದಾಟುವಾಗ ಅರ್ಥವಾಯಿತು. ಎದುರಿಗೆ ಕೂತಿದ್ದ ಅಜ್ಜಿ ಕಾಗದದ ಕರವಸ್ತ್ರ ಚಾಚಿದಳು, ನಾನು ಸುಮ್ಮನೆ ತೆಗೆದುಕೊಂಡೆ. ಅದಾದ ಸ್ವಲ್ಪ ದಿನಕ್ಕೆ ಪರೀಕ್ಷೆ ಇತ್ತು. ನನಗೆ ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ನೀವು ಕಲಿಸಿದ್ದನ್ನೇ ಮಾಡಿದೆ. ಇಡೀ ಅಧ್ಯಾಯವನ್ನು ಬಾಯಿಪಾಠ ಮಾಡಿದೆ.

ಹಾಸ್ಟೆಲಿಗೆ ಬಂದ ಮೊದಲ ದಿನ ನೀವು ನನಗೆ ಇಟ್ಟ ಹೆಸರು ನೆನಪಿದೆಯೇ? ಅಪ್ಪನ ಕೆಲಸ ಬೆಂಗಳೂರಿನಿಂದ ಪುಣೆಗೆ, ಅಲ್ಲಿಂದ ಇಲ್ಲಿಗೆ ಎಂದು ತಿರುಗುತ್ತಿದ್ದಾಗ, ಓದು ಕೆಡಬಾರದೆಂದು ನನ್ನನ್ನು ಅಜ್ಜನ ಊರಿನ ಪಕ್ಕದ ನಿಮ್ಮ ಶಾಲೆಗೆ ತಂದು ಬಿಟ್ಟಿದ್ದರು. ಇಂಗ್ಲಿಷ್ ಮೀಡಿಯಂನಿಂದ ಕನ್ನಡ ಶಾಲೆಗೆ. ನಾನು “ಮಿಸ್, ವಾಟರ್ ಎಲ್ಲಿದೆ?” ಅಂದೆ. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ನೀವು ನಗಲಿಲ್ಲ. “ಏ ಅರ್ಧ ಇಂಗ್ಲಿಷ್, ಇಲ್ಲಿ ವಾಟರ್ ಇಲ್ಲ, ಬರೇ ನೀರ ಐತಿ. ಮತ್ತ ನಾ ಮಿಸ್ ಅಲ್ಲ, ಅಕ್ಕೋರು” ಎಂದಿರಿ. ನಮ್ಮ ಕಡೆ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ ಎಂದು ಇಲ್ಲಿರುವ ಬೆಂಗಳೂರಿನವರಿಗೆ ಈಗಲೂ ಬಿಡಿಸಿ ಹೇಳಬೇಕು. ನೀವು ಪಾಠವನ್ನೂ ಮಾಡುತ್ತಿದ್ದಿರಿ, ಹಾಸ್ಟೆಲನ್ನೂ ನೋಡಿಕೊಳ್ಳುತ್ತಿದ್ದಿರಿ, ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆಯನ್ನೂ ಹಾಕುತ್ತಿದ್ದಿರಿ. ಎಲ್ಲದಕ್ಕೂ ಒಂದೇ ಹೆಸರು, ಅಕ್ಕೋರು.

ಬೆಳಗಾಗುವ ಮೊದಲೇ ನೀವು ತಾಟು ಬಡಿಯುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಶಾಲೆಗೆ ಗಂಟೆ ಇರಲಿಲ್ಲ, ಸ್ಟೀಲ್ ತಾಟು ಮತ್ತು ಸೌಟು ಇತ್ತು. ಒಮ್ಮೆ ನಾವು ಆ ಸೌಟನ್ನೇ ಬಚ್ಚಿಟ್ಟೆವು. ನೀವು ಬೀಗದ ಕೈಗೊಂಚಲಿನಿಂದ ಬಡಿದಿರಿ, ಅದು ಸೌಟಿಗಿಂತ ಕೆಟ್ಟದಾಗಿ ಕೇಳಿಸಿತು. ಎದ್ದು, ಮುಖ ತೊಳೆದು, ಪ್ರಾರ್ಥನೆ ಮುಗಿಸಿ ಸಾಲಾಗಿ ಕೂರುತ್ತಿದ್ದೆವು. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಬ್ಬೊಬ್ಬರೇ ಎದ್ದು ನಿಂತು, ಕೈಕಟ್ಟಿ, ಪಾಠ ಒಪ್ಪಿಸಬೇಕಿತ್ತು. ‘ಒಪ್ಪಿಸು’ ಎಂಬ ಪದ ನನಗೆ ಹೊಸದು. ಯಾರಿಗೆ ಏನನ್ನು ಒಪ್ಪಿಸುವುದು ಎಂದು ಕೇಳಿದ್ದೆ. “ಪುಸ್ತಕದಾಗಿಂದು ನಿನ್ನ ಕೈಯಾಗ ಕೊಟ್ಟೇನಿ, ಕೆಡಿಸದ ಹಂಗ ನನಗ ತಿರುಗಿ ಕೊಡು, ಅಷ್ಟ” ಅಂದಿರಿ. ನನಗೆ ಅದು ಬಹಳ ಸರಿ ಅನ್ನಿಸಿತ್ತು. ಯಾರದೋ ವಸ್ತುವನ್ನು ಮುಕ್ಕಾಗದಂತೆ ಮುಟ್ಟಿಸುವ ಕೆಲಸ. ನಡುವೆ ಎಲ್ಲಿಂದಲಾದರೂ ಕೇಳಿದರೆ ಮಾತ್ರ ನನಗೆ ಬರುತ್ತಿರಲಿಲ್ಲ. ಮೊದಲಿನಿಂದಲೇ ಹೊರಡಬೇಕು. ಆಗ ನೀವು ಒಂದು ಪದ ಎತ್ತಿಕೊಡುತ್ತಿದ್ದಿರಿ. ಒಂದೇ ಪದ. ಅದರ ಬಾಲ ಹಿಡಿದು ಉಳಿದದ್ದೆಲ್ಲ ತಾನೇ ಬರುತ್ತಿತ್ತು.

ಏಳನೇ ಇಯತ್ತೆಯ ಪ್ರಶ್ನೆಪತ್ರಿಕೆಯಲ್ಲಿ ‘ನಿಮ್ಮ ಸ್ವಂತ ವಾಕ್ಯಗಳಲ್ಲಿ ಬರೆಯಿರಿ’ ಎಂದು ಮೊದಲ ಸಲ ಕಂಡಾಗ ನಾನು ಗಾಬರಿಯಾಗಿ ನಿಮ್ಮ ಹತ್ತಿರ ಓಡಿ ಬಂದಿದ್ದೆ. “ಅಕ್ಕೋರ, ಸ್ವಂತ ವಾಕ್ಯ ಅಂದ್ರ ಯಾವು?” ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಳೆಯ ಹುಳು ಆರಿಸುತ್ತಿದ್ದಿರಿ. ತಲೆ ಎತ್ತದೆ ಅಂದಿರಿ: “ನಿನ್ನ ಬಾಯಾಗ ಇದ್ದದ್ದೆಲ್ಲಾ ನಿಂದ. ನೋಡಿ ಬರದ್ರ ಪುಸ್ತಕದ್ದು, ನೋಡದ ಬರದ್ರ ನಿಂದು. ಹೋಗ, ಬರಿ.” ನಾನು ಬರೆದೆ. ಪೂರ್ತಿ ಅಂಕ ಬಂತು. ಎಸ್ಸೆಸ್ಸೆಲ್ಸಿಗೂ ಹಾಗೇ ಬರೆದೆ, ಪಿಯುಸಿಗೂ ಹಾಗೇ ಬರೆದೆ. ಅದು ತಪ್ಪು ಎಂದು ಒಬ್ಬರೂ ಹೇಳಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ ಅಕ್ಕೋರೇ, ಮುಂದೆ ನಿಮ್ಮ ಮೇಲೂ ಸಿಟ್ಟು ಮಾಡುವುದಿದೆ.

ಇಲ್ಲಿನ ಕಾಲೇಜಿನ ಮೊದಲ ಕ್ಲಾಸಿನಲ್ಲಿ ನಾನು “ಸರ್” ಅಂದೆ. ಅವರು ಹಿಂದೆ ತಿರುಗಿ ಬಾಗಿಲ ಕಡೆ ನೋಡಿ, “ಯಾರು ಬಂದರು?” ಅಂದರು. ಅವರದು ಹಾಸ್ಯ. “ಮಾರ್ಟೈನ್. ಬರೀ ಮಾರ್ಟೈನ್.” ಅಪ್ಪನ ವಯಸ್ಸಿನ ಮೇಷ್ಟ್ರನ್ನು ಹೆಸರು ಹಿಡಿದು ಕರೆಯಬೇಕಂತೆ. ನಾನು ಮೂರು ತಿಂಗಳು ಏನೂ ಕರೆಯದೆ, ಕೆಮ್ಮಿ ಕೆಮ್ಮಿ ಮಾತಾಡಿಸಿದೆ. ಅವರು ಹೇಳುವುದು ಶಿಕ್ಷಣದ ಇತಿಹಾಸ. ಈ ಪರೀಕ್ಷೆಗಿದ್ದ ಭಾಗದ ವಿಷಯ ಕೇಳಿದರೆ ನೀವು ನಗುತ್ತೀರಿ: ಹತ್ತೊಂಬತ್ತನೇ ಶತಮಾನದ ಅಮೆರಿಕದ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿಯ ದಿನಚರಿ. ಅದಕ್ಕಾಗಿ ನಾನು ಯುಟ್ರೆಕ್ಟ್ ದಾಟಿ ಒಂದು ಸಣ್ಣ ಊರಿಗೆ ದಿನಾ ಟ್ರೈನಿನಲ್ಲಿ ಹೋಗುತ್ತೇನೆ. ಬಾಗಲಕೋಟೆಯ ಹುಡುಗಿ ಹಾಲೆಂಡಿನಲ್ಲಿ ಕೂತು ಅಮೆರಿಕದ ಗಂಡುಹುಡುಗರು ಎಷ್ಟು ಹೊತ್ತಿಗೆ ಏಳುತ್ತಿದ್ದರು ಎಂದು ಓದುವುದು. ಆದರೆ ಅಕ್ಕೋರೇ, ಓದುತ್ತಾ ಹೋದಂತೆ ನನಗೆ ಮೈ ಜುಂ ಅಂದಿತು. ಅವರು ನಾವೇ.

ಮಾರ್ಟೈನ್ ಪರದೆಯ ಮೇಲೆ ಒಂದೊಂದೇ ಚಿತ್ರ ಹಾಕಿ ವಿವರಿಸಿದ ದಿನವನ್ನು ಮರೆಯಲಾರೆ. ಕತ್ತಲಿರುವಾಗಲೇ ಗಂಟೆ. ಬಾವಿಯಿಂದ ನೀರು, ಹಿತ್ತಿಲಿನಿಂದ ಸೌದೆ, ಎಲ್ಲ ಹುಡುಗರೇ ಹೊರಬೇಕು. ಒಲೆಯಿಲ್ಲದ ಚರ್ಚಿನಲ್ಲಿ ನಡುಗುತ್ತಾ ಪ್ರಾರ್ಥನೆ. ತಿಂಡಿಗೂ ಮೊದಲು ಮೊದಲ ಕ್ಲಾಸು: ಒಬ್ಬೊಬ್ಬನೇ ಎದ್ದು ನಿಂತು ಹಿಂದಿನ ದಿನದ ಪಾಠ ಒಪ್ಪಿಸುವುದು, ಮೇಷ್ಟ್ರು ಮಾತಾಡದೆ ಅಂಕ ಹಾಕುವುದು. ಒಪ್ಪಿಸಲು ಬಾರದೆ ನಿಂತವನಿಗೆ ‘ಫ್ಲಂಕ್’ ಅನ್ನುತ್ತಿದ್ದರಂತೆ, ಇವತ್ತು ಎಲ್ಲರೂ ಆಡುವ ಆ ಪದ ಆ ಹುಡುಗರ ಮಾತಂತೆ. ಊಟದಲ್ಲಿ ನಾರುವ ಬೆಣ್ಣೆ ಕೊಟ್ಟರೆಂದು ಗಲಾಟೆ. ದೊಡ್ಡ ಹುಡುಗರು ಹೊಸಬರ ಕೋಣೆಗೆ ಬೀಗದ ತೂತಿನಿಂದ ಹೊಗೆ ಊದುವುದು. ಗಂಟೆಯ ನಾಲಗೆಯನ್ನೇ ಕದ್ದು ಬಚ್ಚಿಡುವುದು. ನಾನು ತಡೆಯಲಾರದೆ ನಕ್ಕೆ, ಸೌಟು ನೆನಪಾಯಿತು. ಎಲ್ಲರೂ ನಗುತ್ತಿದ್ದರು. ಆದರೆ ನನ್ನ ನಗು ಬೇರೆ, ಅವರ ನಗು ಬೇರೆ. “ಜೈಲು ಇದು,” ಅಂದಳು ಫ್ಲೋರ್, ನನ್ನ ಪಕ್ಕ ಕೂರುವ ಹುಡುಗಿ. “ಯಾವ ತಂದೆತಾಯಿ ಮಕ್ಕಳನ್ನು ಇಂಥ ಕಡೆ ಬಿಡುತ್ತಿದ್ದರು?”

ಅಷ್ಟರಲ್ಲಿ ಮಾರ್ಟೈನ್ ನನ್ನನ್ನು ಏನೋ ಕೇಳಿದರು. ನಾನು ಎದ್ದು ನಿಂತೆ. ಕೈ ತಾನಾಗಿ ಕಟ್ಟಿಕೊಂಡಿತು. ಎದ್ದು ನಿಲ್ಲುವ ಆ ಅಭ್ಯಾಸವನ್ನು ಮೂರು ತಿಂಗಳಿಂದ ಹಿಡಿದಿಟ್ಟಿದ್ದೆ, ಆವತ್ತು ಗಂಟೆ, ಪ್ರಾರ್ಥನೆ ಅನ್ನುತ್ತಿದ್ದಂತೆ ಮೈ ಎಲ್ಲೋ ಹೋಗಿಬಿಟ್ಟಿತ್ತು. ಮಾರ್ಟೈನ್ ಸಂತೋಷದಿಂದ ಎರಡೂ ಕೈ ಚಾಚಿ, “ನೋಡಿ! ನಮ್ಮಲ್ಲೇ ಒಂದು ಜೀವಂತ ಹತ್ತೊಂಬತ್ತನೇ ಶತಮಾನ ಇದೆ!” ಅಂದರು. ಕೆಟ್ಟ ಮನಸ್ಸಿನಿಂದ ಅಲ್ಲ ಎಂದು ಫ್ಲೋರ್ ಆಮೇಲೆ ಸಮಾಧಾನ ಮಾಡಿದಳು. ಕೆಟ್ಟ ಮನಸ್ಸಿನಿಂದ ಅಂದಿದ್ದರೆ ಜಗಳವಾದರೂ ಆಡಬಹುದಿತ್ತಲ್ಲವೇ? ಆವತ್ತೇ ಇನ್ನೊಂದು ಕಲಿತೆ. ಆ ಕಾಲೇಜುಗಳಲ್ಲಿ ತಪ್ಪು ಮಾಡಿದ ಹುಡುಗನಿಗೆ ದೊಡ್ಡ ಶಿಕ್ಷೆ ಯಾವುದು ಗೊತ್ತೇ? ಹಳ್ಳಿಗೆ ಕಳಿಸುವುದು. ಕೆಲವು ತಿಂಗಳು ಯಾವುದೋ ಹಳ್ಳಿಯ ಪಾದ್ರಿಯ ಮನೆಯಲ್ಲಿದ್ದು ಓದಬೇಕು. ಮತ್ತೆ ನಗು. ನಾನು ಮಾತ್ರ ಕೂತಲ್ಲೇ ಕುದ್ದೆ. ಅವರಿಗೆ ಶಿಕ್ಷೆಯಾಗಿದ್ದ ಜಾಗದಲ್ಲಿ ನಾನು ಬೆಳೆದೆ, ಅಕ್ಕೋರೇ. ನೀವು ಅಲ್ಲೇ ಬದುಕಿದಿರಿ, ಅಲ್ಲೇ…

ಪರೀಕ್ಷೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಪ್ರಶ್ನೆ ನೋಡಿ ನನಗೆ ಖುಷಿಯಾಯಿತು. ‘ಹತ್ತೊಂಬತ್ತನೇ ಶತಮಾನದ ಅಮೆರಿಕದ ಕಾಲೇಜಿನಲ್ಲಿ ವಿದ್ಯಾರ್ಥಿಯ ಒಂದು ದಿನವನ್ನು ನಿಮ್ಮ ಸ್ವಂತ ಮಾತುಗಳಲ್ಲಿ ವಿವರಿಸಿ.’ ಸ್ವಂತ ಮಾತು! ಹುಳು ಆರಿಸುತ್ತಾ ನೀವು ಹೇಳಿದ್ದೇ ನೆನಪಾಯಿತು. ಪುಸ್ತಕ ಮುಚ್ಚಿತ್ತು, ಫೋನ್ ಹೊರಗಿನ ಲಾಕರಿನಲ್ಲಿತ್ತು, ಎಲ್ಲವೂ ನನ್ನ ಬಾಯಲ್ಲಿತ್ತು. ಒಂದು ಅಲ್ಪವಿರಾಮ ಬಿಡದೆ ಒಪ್ಪಿಸಿದೆ. ಹೊರಗೆ ಬಂದಾಗ ಬಿಸಿಲಿತ್ತು, ಇಲ್ಲಿ ಚಳಿಗಾಲದಲ್ಲಿ ಬಿಸಿಲು ಅಂದರೆ ಹಬ್ಬ. ನಿಮ್ಮ ಹೆಸರಲ್ಲಿ ಒಂದು ಪರೀಕ್ಷೆ ಚೆನ್ನಾಗಿ ಬರೆದೆ ಅನ್ನಿಸಿ ಸ್ಟೇಷನ್ನಿನವರೆಗೂ ಗುನುಗುತ್ತಾ ನಡೆದೆ. ಎರಡು ವಾರಕ್ಕೆ ಆ ಈಮೇಲ್ ಬಂತು. ನನ್ನ ಉತ್ತರವು ಪಠ್ಯಪುಸ್ತಕದ ಜೊತೆ ಪೂರ್ತಿ ಹೊಂದುತ್ತದೆ ಎಂದು ಕಂಪ್ಯೂಟರ್ ಹೇಳಿತಂತೆ. ಮೇಲ್ವಿಚಾರಕಿ ಇನ್ನೊಂದು ಸೇರಿಸಿದ್ದಳು: ಈ ವಿದ್ಯಾರ್ಥಿನಿಯ ತುಟಿ ಉದ್ದಕ್ಕೂ ಅಲ್ಲಾಡುತ್ತಿತ್ತು, ಕಿವಿ ಕೂದಲಲ್ಲಿ ಮುಚ್ಚಿತ್ತು.

ಅಪ್ಪ ಆ ಈಮೇಲನ್ನು ಅಡುಗೆಮನೆಯ ಮೇಜಿನ ಮುಂದೆ ನಿಂತೇ ಓದಿದರು. ನಾನು ತಪ್ಪು ಒಪ್ಪಿಕೊಂಡರೆ ಮೊದಲನೇ ಸಲವೆಂದು ಎಚ್ಚರಿಕೆ ಕೊಟ್ಟು ಮರುಪರೀಕ್ಷೆಗೆ ಬಿಡುತ್ತಾರೆ, ಒಪ್ಪದೆ ಹೋಗಿ ವಿಚಾರಣೆಯಲ್ಲಿ ಸಾಬೀತಾದರೆ ಈ ವರ್ಷಕ್ಕೆ ಆ ವಿಷಯವೇ ರದ್ದು ಎಂದು ಅದರಲ್ಲಿತ್ತು.

“ಒಪ್ಪಿಕೊಂಡ ಬಿಡವ್ವಾ,” ಅಂದರು ಅಪ್ಪ. “ತಪ್ಪಾತು ಅಂದ್ರ ಮುಗೀತು.”

“ಮಾಡದ್ದನ್ನ ಹೆಂಗ ಒಪ್ಪಿಕೊಳ್ಳೋದಪ್ಪಾ?”

“ಬಾಯಿಲೆ ಒಪ್ಪಿಕೊ. ಮನಸಿನ್ಯಾಗಿಂದು ಯಾರ ಕೇಳ್ತಾರ? ನಾವು ಹೊರಗಿನಾವ್ರು. ಇವರ ಕೂಡ ವಾದಾ ಹಾಕಿ ಗೆಲ್ಲಾಕ ಆಗ್ತೈತೇನು?”

ಸೋಫಾದ ಮೇಲಿದ್ದ ನನ್ನ ತಮ್ಮ ಡಚ್‌ನಲ್ಲಿ ಏನೋ ಅಂದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ‘ಅಕ್ಕ ನಿಜವಾಗಲೂ ಅಷ್ಟು ಬಾಯಿಪಾಠ ಮಾಡಿದ್ದಾಳಾ? ಹುಚ್ಚಾ?’ ಎಂದು ಅದರ ಅರ್ಥ. ಮನೆಯಲ್ಲಿ ನಂಬಿದವನು ಅವನೊಬ್ಬನೇ, ಅದೂ ಹುಚ್ಚು ಎಂದು. ಹೇಳಿ ಅಕ್ಕೋರೇ, ನಾನು ನನ್ನ ಬಾಯನ್ನು ಅಷ್ಟು ಅಗ್ಗ ಮಾಡಬಹುದಿತ್ತೇ? ಬಾಯಲ್ಲಿದ್ದದ್ದೆಲ್ಲ ನನ್ನದು ಎಂದವರು ನೀವು. ಹಾಗಾದರೆ ಬಾಯಿಂದ ಒಪ್ಪಿಕೊಂಡ ಸುಳ್ಳೂ ನನ್ನದೇ ಆಗುತ್ತಿರಲಿಲ್ಲವೇ? ನಾನು ಒಪ್ಪಿಸಿದ್ದೆ. ಒಪ್ಪಿಕೊಳ್ಳಲು ನನ್ನ ಹತ್ತಿರ ಏನೂ ಇರಲಿಲ್ಲ. ನಮ್ಮ ಭಾಷೆಯಲ್ಲಿ ಇಷ್ಟು ಹತ್ತಿರ ಇರುವ ಈ ಎರಡು ಪದಗಳ ವ್ಯತ್ಯಾಸವನ್ನು ನಾನು ಯಾವ ಭಾಷೆಯಲ್ಲಿ ಅವರಿಗೆ ತಿಳಿಸಿ ಹೇಳಲಿ?

ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು: ನಡುವೆ ಬೆಳ್ಳಿಕೂದಲಿನ ಹೆಂಗಸು, ಅವಳೇ ಮುಖ್ಯಸ್ಥೆ, ಒಂದು ಪಕ್ಕ ಏನೂ ಮಾತಾಡದೆ ಟೈಪ್ ಮಾಡುವ ಹುಡುಗ, ಇನ್ನೊಂದು ಪಕ್ಕ ಕಾನೂನು ಹೇಳುವ ಗಿಡ್ಡ ಮನುಷ್ಯ. ಕಾಫಿ ಕೊಟ್ಟರು, ಜೊತೆಗೆ ಒಂದು ಬಿಸ್ಕತ್ತು. ಇಲ್ಲಿ ಗಲ್ಲಿಗೇರಿಸುವಾಗಲೂ ಒಂದು ಬಿಸ್ಕತ್ತು ಕೊಡುತ್ತಾರೇನೋ. “ಕಿವಿಯಲ್ಲಿ ಏನಿತ್ತು?” ಎಂದು ಗಿಡ್ಡ ಮನುಷ್ಯ ಕೇಳಿದ. “ಬೆಂಡೋಲೆ,” ಅಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಅವನು ಅದು ಯಾವುದೋ ಯಂತ್ರದ ಹೆಸರೆಂದು ಟೈಪ್ ಮಾಡುವವನಿಗೆ ಬರೆದುಕೊಳ್ಳಲು ಸನ್ನೆ ಮಾಡಿದ. ನಾನು ಕೂದಲು ಸರಿಸಿ ತೋರಿಸಿದೆ. ಹತ್ತನೇ ಇಯತ್ತೆ ಪಾಸಾದಾಗ ಅಜ್ಜಿ ಹಾಕಿದ್ದು. ಮುಖ್ಯಸ್ಥೆ ಕಿಟಕಿಯ ಕಡೆ ತಿರುಗಿ ನಗು ನುಂಗಿದಳು.

“ನೀನು ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ ಅನ್ನುತ್ತಿದ್ದೀಯ. ಯಾರಾದರೂ ಯಾಕೆ ಹಾಗೆ ಮಾಡುತ್ತಾರೆ?” ಎಂದು ಅವಳು ಕೇಳಿದಾಗ ನನಗೆ ರೇಗಿತು. ಆ ಪುಸ್ತಕದಲ್ಲೇ ಅಷ್ಟು ಪುಟ ಬರೆದಿದೆಯಲ್ಲ, ಯಾಕೆ ಮಾಡುತ್ತಿದ್ದರು ಎಂದು! ಸತ್ತು ನೂರೈವತ್ತು ವರ್ಷವಾದ ಹುಡುಗರು ಮಾಡಿದರೆ ಇತಿಹಾಸ, ಎದುರಿಗೆ ಕೂತವಳು ಮಾಡಿದರೆ ಅಕ್ರಮ. “ಪುಸ್ತಕ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ, ನಾನು ಹೇಳುತ್ತೇನೆ,” ಅಂದೆ. ಗಿಡ್ಡ ಮನುಷ್ಯ ಪುಸ್ತಕ ತೆರೆದು, “ಸರಿ, ಮೂರನೆಯ ಪ್ಯಾರಾದಿಂದ,” ಅಂದ. ನಾನು ಎದ್ದು ನಿಂತೆ, ಕೈ ಕಟ್ಟಿದೆ, ಬಾಯಿ ತೆರೆದೆ. ಏನೂ ಬರಲಿಲ್ಲ. ಅಕ್ಕೋರೇ, ಏನೂ! ನಡುವಿನಿಂದ ನನಗೆ ಯಾವತ್ತು ಬಂದಿತ್ತು? ಗಿಡ್ಡ ಮನುಷ್ಯ ಪುಸ್ತಕ ಮುಚ್ಚಲು ಹೊರಟ. ಆಗ ನಾನು, ನಿಮ್ಮನ್ನು ಕೇಳುತ್ತಿದ್ದ ಹಾಗೆಯೇ ಕೇಳಿದೆ: “ಒಂದು ಪದ ಎತ್ತಿಕೊಡಿ.” ಇಂಗ್ಲಿಷಿನಲ್ಲಿ ಅದು ಹೇಗೆ ಕೇಳಿಸಿತೋ. ಅವನಿಗೆ ಅರ್ಥವಾಗಲಿಲ್ಲ. ಮುಖ್ಯಸ್ಥೆಗೆ ಆಯಿತು. ಅವಳು ಬಗ್ಗಿ ಪುಟ ನೋಡಿ, ಒಂದೇ ಒಂದು ಪದ ಹೇಳಿದಳು: “ಚಳಿಗಾಲದಲ್ಲಿ…”

‘ಚಳಿಗಾಲದಲ್ಲಿ ಹೂಜಿಯ ನೀರು ರಾತ್ರಿಯೇ ಹೆಪ್ಪುಗಟ್ಟುತ್ತಿತ್ತು’ ಎಂದು ಶುರುವಾದದ್ದು ನಿಲ್ಲಲಿಲ್ಲ. ಗಂಟೆ, ಪ್ರಾರ್ಥನೆ, ಬೂದಿ, ಬೆಣ್ಣೆ, ಎಲ್ಲ ಬಂತು. ನಮ್ಮ ಹಾಸ್ಟೆಲಿನ ರಾಗವೂ ಬಂತು, ಸಾಲಿನ ಕೊನೆಗೆ ಸ್ವಲ್ಪ ಎಳೆಯುವುದು, ಮೈ ಸ್ವಲ್ಪ ತೂಗುವುದು. ನಾನು ಉತ್ತರದಲ್ಲಿ ಬರೆದಿದ್ದ ಭಾಗ ಮುಗಿದು ಅದರ ಮುಂದಿನ ಪುಟಕ್ಕೆ ಹೋದೆ. ಗಿಡ್ಡ ಮನುಷ್ಯ ಬೆರಳಿಟ್ಟು ಸಾಲು ಸಾಲು ಹಿಂಬಾಲಿಸುತ್ತಿದ್ದವನು ಕೊನೆಗೆ “ಸಾಕು, ಸಾಕು,” ಅಂದ. ನಾನು ಕೂತೆ. ಕಾಫಿ ಆರಿತ್ತು. ಅವರು ಕ್ಷಮೆ ಕೇಳುತ್ತಾರೆ ಎಂದು ಕಾದೆ. ಮುಖ್ಯಸ್ಥೆ ಹೇಳಿದ್ದು ಇಷ್ಟು: “ಇದು ಅಕ್ರಮ ಅಲ್ಲ, ಒಪ್ಪುತ್ತೇವೆ. ಆದರೆ ಪ್ರಶ್ನೆ ಕೇಳಿದ್ದು ನಿನ್ನ ಸ್ವಂತ ಮಾತು. ಇದರಲ್ಲಿ ನಿನ್ನ ಮಾತು ಒಂದೂ ಇಲ್ಲ. ಈ ಉತ್ತರಕ್ಕೆ ಅಂಕ ಇಲ್ಲ. ಮರುಪರೀಕ್ಷೆ ಬರೆ.” ಅವಳ ದನಿಯಲ್ಲಿ ಕರುಣೆ ಇತ್ತು. ಅದೇ ನನಗೆ ಹೆಚ್ಚು ಉರಿಯಿತು.

ಹಿಂತಿರುಗುವ ಟ್ರೈನಿನಲ್ಲಿ ನನ್ನ ಸಿಟ್ಟು ಅವರನ್ನು ಬಿಟ್ಟು ನಿಮ್ಮ ಕಡೆ ತಿರುಗಿತು. ಹೇಳಿಬಿಡುತ್ತೇನೆ, ಕೇಳಿಸಿಕೊಳ್ಳಿ. ಯಾಕೆ ಹಾಗೆ ಹೇಳಿದಿರಿ? ಬಾಯಲ್ಲಿದ್ದದ್ದೆಲ್ಲ ನನ್ನದು ಎಂದು ಯಾಕೆ ನಂಬಿಸಿದಿರಿ? ಅಷ್ಟು ವರ್ಷ ದಿನಾ ಬೆಳಗ್ಗೆ ಒಪ್ಪಿಸಿಕೊಂಡಿರಲ್ಲ, ಒಂದು ದಿನವಾದರೂ ‘ಇದರ ಬಗ್ಗೆ ನಿನಗ ಏನ ಅನಸ್ತೈತಿ?’ ಎಂದು ಕೇಳಿದಿರಾ? ಮಾತಾಡದೆ ಅಂಕ ಹಾಕುವ ಆ ಅಮೆರಿಕದ ಮೇಷ್ಟ್ರಿಗೂ ನಿಮಗೂ ಏನು ವ್ಯತ್ಯಾಸ? ಇಲ್ಲಿನ ಮಕ್ಕಳಿಗೆ ಆರು ವರ್ಷದಿಂದಲೇ ‘ನಿನಗೇನು ಅನ್ನಿಸುತ್ತದೆ’ ಎಂದು ಕೇಳುತ್ತಾರೆ. ಫ್ಲೋರ್‌ಗೆ ಓದದ ಪುಸ್ತಕದ ಬಗ್ಗೆಯೂ ಅನ್ನಿಸುತ್ತದೆ! ನನಗೆ ಓದಿದ ಪುಸ್ತಕದ ಬಗ್ಗೆಯೂ ಏನೂ ಅನ್ನಿಸುವುದಿಲ್ಲ, ಬರೀ ಬರುತ್ತದೆ. ಇದನ್ನು ಕೇಳಲು ಫೋನ್ ಮಾಡೋಣವೆಂದರೆ ನೀವು ಅಷ್ಟರಲ್ಲಿ… ಅದೂ ಒಂದು ಸಿಟ್ಟು.

ಅಮ್ಮನಿಗೆ ಮರುಪರೀಕ್ಷೆಯ ಡಚ್ ಹೆಸರು ಹೇಳಿದಾಗ ಮಾತ್ರ ಮನೆಯಲ್ಲಿ ಸ್ವಲ್ಪ ನಗು ಹುಟ್ಟಿತು. “ಹೆರ್‌ಕಾನ್ಸಿಂಗ್,” ಅಂದೆ. “ಹೆರಿಗಿ?” ಅಂದಳು ಅಮ್ಮ, ರೊಟ್ಟಿ ತಟ್ಟುತ್ತಾ. “ಪರೀಕ್ಷಾಕ್ಕ ಹೆರಿಗಿ ಅಂತಾರೇನವ್ವ ಇವರು? ಅಂದ್ರ ಎರಡನೇ ಹೆರಿಗಿ. ಹೆದರಬ್ಯಾಡ, ಎರಡನೇದು ಹಗುರ ಆಗ್ತೈತಿ.” ಹಗುರ ಆಗಲಿಲ್ಲ. ಪ್ರಶ್ನೆ ಅದೇ ಇತ್ತು, ಒಂದು ಪದವೂ ಬದಲಿಲ್ಲ. ಪುಸ್ತಕದ ಸಾಲುಗಳು ಬಾಗಿಲಲ್ಲಿ ಗುಂಪಾಗಿ ನಿಂತು ನಮ್ಮನ್ನು ಒಳಗೆ ಬಿಡು ಅನ್ನುತ್ತಿದ್ದವು. ನಾನು ತುಟಿ ಕಚ್ಚಿ ಕೂತೆ, ಅಲ್ಲಾಡಬಾರದಲ್ಲ. ಬರೆಯಲು ಏನೂ ಇಲ್ಲ ಅನ್ನಿಸಿದಾಗ ನೀವು ತಾಟು ಬಡಿದಿರಿ.

ಬೆಳಗಿನ ಗಂಟೆಯ ಬಗ್ಗೆ ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾನು ಮೊದಲು ಬರೆದೆ: ಎಲ್ಲರನ್ನೂ ಎಬ್ಬಿಸುವವನು ಎಲ್ಲರಿಗಿಂತ ಮೊದಲು ಏಳಬೇಕಿತ್ತು, ಅವನನ್ನು ಯಾರು ಎಬ್ಬಿಸುತ್ತಿದ್ದರು? ಆಮೇಲೆ ಬೆಣ್ಣೆಯ ಗಲಾಟೆ. ಹುಡುಗರು ಊಟ ಬಿಟ್ಟರು ಎಂದು ಪುಸ್ತಕ ಹೇಳುತ್ತದೆ, ಆವತ್ತು ಮೇಷ್ಟ್ರು ಏನು ಊಟ ಮಾಡಿದರು ಎಂದು ಹೇಳುವುದಿಲ್ಲ. ನಾವು ಹುಳುಬೇಳೆಯ ಸಾರು ಮುಟ್ಟುವುದಿಲ್ಲ ಎಂದು ಕೂತ ದಿನ ನೀವು ಅದೇ ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಬೇಳೆ ಕಳಿಸುವ ಅಧಿಕಾರಿಯ ಮೇಜಿನ ಮೇಲೆ ಇಟ್ಟು, “ಉಣ್ರಿ, ಆಮೇಲೆ ಮಾತಾಡೋಣು” ಅಂದಿರಲ್ಲ. ನಿಮಗೂ ಆ ಅಮೆರಿಕದ ಮೇಷ್ಟ್ರಿಗೂ ಏನು ವ್ಯತ್ಯಾಸ ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಕೊನೆಗೆ ಬಾಯಿಪಾಠಕ್ಕೆ ಬಂದೆ. ಅರ್ಥವಿಲ್ಲದ ಯಾಂತ್ರಿಕ ಕೆಲಸ ಎಂದು ಪುಸ್ತಕವೂ ಮಾರ್ಟೈನೂ ಅನ್ನುತ್ತಾರೆ. ನಾನು ಬರೆದೆ: ಅರ್ಥ ಕೆಲವೊಮ್ಮೆ ತಡವಾಗಿ ಬರುತ್ತದೆ, ಅದು ಬರುವವರೆಗೆ ಮಾತನ್ನು ಕೆಡದಂತೆ ಇಟ್ಟುಕೊಳ್ಳಲು ಬಾಯಿಗಿಂತ ಬೇರೆ ಜಾಗ ಆ ಹುಡುಗರಿಗೆ ಇರಲಿಲ್ಲ. ಬರೆದು ಮುಗಿಸಿ ಓದಿದೆ. ಇಂಗ್ಲಿಷ್ ಒರಟಾಗಿತ್ತು. ಅಲ್ಪವಿರಾಮಗಳು ಎಲ್ಲೆಲ್ಲೋ ಬಿದ್ದಿದ್ದವು. ಹೆದರಿಕೆಯಾಯಿತು.

ಈಗ ನೀವು ಕೇಳದ ಸುದ್ದಿ. ನಾನು ಪಾಸಾದೆ, ಅಕ್ಕೋರೇ. ಅಂಚಿನಲ್ಲೇ, ಆದರೆ ಪಾಸು. ಮುಂದಿನ ವರ್ಷ ಇಲ್ಲೇ ಓದುತ್ತೇನೆ. ಕ್ಷಮಿಸು ಎಂದು ಇಲ್ಲಿಯವರೆಗೂ ಒಬ್ಬರೂ ಹೇಳಿಲ್ಲ. ಮಾರ್ಟೈನ್ ನನ್ನ ಈ ಉತ್ತರವನ್ನು ನಮ್ಮ ತರಗತಿಯ ಕಿರುಪುಸ್ತಕದಲ್ಲಿ ಹಾಕಬೇಕು ಎಂದರು. ಆದರೆ ‘ಅರ್ಥ ಕೆಲವೊಮ್ಮೆ ತಡವಾಗಿ ಬರುತ್ತದೆ’ ಎಂಬಲ್ಲಿ ಗೆರೆ ಎಳೆದು ಪಕ್ಕದಲ್ಲಿ ‘ಆಧಾರ ಎಲ್ಲಿದೆ?’ ಎಂದು ಬರೆದಿದ್ದರು. ನೋಡಿ ಇವರ ನ್ಯಾಯ! ಪುಸ್ತಕದ ಮಾತು ಬರೆದರೆ ನಿನ್ನದೆಲ್ಲಿ ಅನ್ನುತ್ತಾರೆ, ನನ್ನ ಮಾತು ಬರೆದರೆ ಪುಸ್ತಕವೆಲ್ಲಿ ಅನ್ನುತ್ತಾರೆ. ಸಿಟ್ಟಿನಿಂದ ಅವರ ಕೋಣೆಗೆ ಹೋದವಳಿಗೆ ಬಾಗಿಲಲ್ಲೇ ಹೊಳೆಯಿತು. ಅದು ನನ್ನ ಮಾತಾಗಿರಲಿಲ್ಲ. ಅರ್ಥ ಗೊತ್ತಾಗದೆ ಅಳುತ್ತಿದ್ದ ನನಗೆ “ಮೊದಲ ಬಾಯಾಗ ಹಾಕ್ಕೊ, ಅರ್ಥ ತಾನ ಹುಡಿಕ್ಕೊಂಡ ಬರ್ತೈತಿ” ಎಂದಿದ್ದು ನೀವು. “ನಮ್ಮ ಹಾಸ್ಟೆಲಿನ ಟೀಚರ್ ಹೇಳಿದ್ದು,” ಅಂದೆ. “ಒಳ್ಳೆಯದು. ಕೆಳಗೆ ಅವರ ಹೆಸರು ಹಾಕು,” ಅಂದರು.

ಹೆಸರು! ನನ್ನ ಬಾಯಲ್ಲಿ ಅಷ್ಟು ಅಧ್ಯಾಯಗಳಿವೆ, ನಿಮ್ಮ ಹೆಸರು ಇಲ್ಲ. ರೇಷ್ಮಾಳಿಗೆ ಫೋನ್ ಮಾಡಿದೆ. “ಅಕ್ಕೋರ ಹೆಸರೇನ?” “ಅಕ್ಕೋರ ಹೆಸರು ಅಕ್ಕೋರು, ಮತ್ತೇನಿರ್ತೈತಿ?” ಎಂದು ನಕ್ಕಳು. ಅವಳಿಗೂ ಗೊತ್ತಿರಲಿಲ್ಲ. ಯಾರನ್ನೋ ಕೇಳಿ, ಅವರು ಇನ್ಯಾರನ್ನೋ ಕೇಳಿ, ಮರುದಿನ ತಿಳಿಸಿದಳು. ಇಲ್ಲಿ ಬಾಗಿಲು ತೆರೆದವರೆಲ್ಲ ಕೈ ಚಾಚಿ ಮೊದಲು ಹೆಸರು ಹೇಳುತ್ತಾರೆ, ನೀವು ಅಷ್ಟು ವರ್ಷದಲ್ಲಿ ಒಂದು ಸಲವೂ ಹೇಳಬಾರದಿತ್ತೇ? ಇರಲಿ. ಆ ಪುಟದ ಕೆಳಗೆ ಈಗ ಹೀಗೆ ಅಚ್ಚಾಗಿದೆ: ‘ಕಮಲಾಕ್ಷಿ ಹೂಗಾರ, ಬಾಯಿಮಾತು.’ ಮೇಲೆ ಅಮೆರಿಕದ ಹುಡುಗರು, ಕೆಳಗೆ ನೀವು.

ಕಮಲಾಕ್ಷಿ ಅಕ್ಕೋರೇ, ಈ ಪತ್ರವನ್ನು ನಾನು ಬಾಯಿಪಾಠ ಮಾಡಿಲ್ಲ. ನಡುವೆ ಎಲ್ಲಿಂದ ಬೇಕಾದರೂ ಕೇಳಿ. ಪದ ಎತ್ತಿಕೊಡಬೇಕಾಗಿಲ್ಲ, ಹೇಳುತ್ತೇನೆ.

ನಿಮ್ಮ,
ಅರ್ಧ ಇಂಗ್ಲಿಷ್